ಹುಟ್ಟಿಗೊಂದು, ಸಾವಿಗೆರಡು

ಕೊಡಗಿನ ಆ ಊರಿನಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು, ಯಾರಾದರೂ ಸತ್ತರೆ ಎರಡು. ಮಗಳು ಗಂಡು ಹೆತ್ತಳೆಂದು ತಿಳಿದೊಡನೆ ಬೆಳ್ಯಪ್ಪ ಗೋಡೆಯಿಂದ ಹಳೆಯ ಒಂಟಿನಳಿಗೆ ಕೋವಿ ಇಳಿಸಿದ. ಅಷ್ಟರಲ್ಲಿ ಮಗ ತನ್ನ ಹೊಸ ರೈಫಲ್ ಹಿಡಿದು ಅಂಗಳದಲ್ಲಿ ನಿಂತಿದ್ದ.

"ತಾನೇ ತುಂಬಿಕೊಳ್ಳೋ ಕೋವಿ ಬೇಡ. ಒಂದೇ ಗುಂಡು ಇರೋನು ಗುರಿ ನೋಡ್ತಾನೆ. ಹತ್ತು ಇರೋನು ಬರೀ ಒತ್ತುತ್ತಾನೆ."

"ಬೇಟೆಗೆ ಈಗ ಎಲ್ಲರೂ ಇದನ್ನೇ ಕೇಳೋದು ಅಪ್ಪ. ಭಾವ ಬರೋ ಹೊತ್ತಾಯ್ತು, ದಾರೀಲೇ ಕೇಳಿಸ್ಕೊಳ್ಳಲಿ."

ಮಗನ ಮೊದಲ ಗುಂಡು ಆಕಾಶಕ್ಕೆ ಹಾರಿತು. ನಳಿಗೆ ಇಳಿಸುವಾಗ ಬೆರಳು ತಾಗಿ ಇನ್ನೊಂದು ಗದ್ದೆಯ ಕಡೆ ಹಾರಿತು.

ಬೆಳ್ಯಪ್ಪ ತನ್ನ ಕೋವಿಯನ್ನು ಗೋಡೆಗೆ ಒರಗಿಸಿದ. "ಈಗ ಊರೆಲ್ಲ ಬಿಳಿ ಉಟ್ಕೊಂಡು ಬರ್ತದೆ ನೋಡು."

ಅಂದಂತೆಯೇ ಸ್ವಲ್ಪ ಹೊತ್ತಿಗೆ ನೆರೆಮನೆಯ ಕುಟ್ಟಪ್ಪ ಬಿಳಿ ಬಟ್ಟೆಯಲ್ಲಿ, ತಲೆ ತಗ್ಗಿಸಿಕೊಂಡು ಗದ್ದೆಯ ದಾರಿಯಿಂದ ಬಂದ. ಮಗ ನಕ್ಕುಬಿಟ್ಟ.

"ಯಾರೂ ಸತ್ತಿಲ್ಲ ಮಾವ. ಅಕ್ಕನಿಗೆ ಗಂಡುಮಗು. ಎರಡನೇದು ಕೈತಪ್ಪಿ ಹಾರಿದ್ದು."

ಕುಟ್ಟಪ್ಪ ರೈಫಲನ್ನು ನೋಡಿದ, ಆಮೇಲೆ ಬೆಳ್ಯಪ್ಪನನ್ನು.

"ಗೊತ್ತಾಗಿಯೇ ಹಾರಿಸಿದ್ರಿ ಅಂದ್ಕೊಂಡಿದ್ದೆ. ಗದ್ದೆ ಬದುವಲ್ಲಿ ನಿಮ್ಮ ಅಳಿಯನ ಹೆಣದ ಹತ್ತಿರ ನನ್ನ ತಮ್ಮನನ್ನ ಕೂರಿಸಿ ಬಂದಿದ್ದೀನಿ."