ಎಲ್ಲದಕ್ಕೂ ‘ಸರಿ’

ಪರದೆಯ ಮೇಲೆ ‘ನಿಲ್ಲಿಸಲಾಗಿದೆ’ ಎಂದು ಹಸಿರು ಅಕ್ಷರಗಳಲ್ಲಿ ಬಂತು. ಪಂಪ್ ಮಾತ್ರ ನಿಲ್ಲಲಿಲ್ಲ. ಮೇಜಿನ ಕೆಳಗಿನ ಬಕೆಟ್ಟಿಗೆ ಅದರ ಕೊಳವೆಯಿಂದ ತೊಟ್ಟು ತೊಟ್ಟಾಗಿ ನೀರು ಬೀಳುತ್ತಲೇ ಇತ್ತು. ಅವಳು ಮೂರನೇ ಸಲ ಗುಂಡಿ ಒತ್ತಿದಳು. ಮೂರನೇ ಸಲವೂ ‘ನಿಲ್ಲಿಸಲಾಗಿದೆ’.

“ನನ್ನ ಕಿವಿಗೇ ಹೂವಿಡ್ತೀಯಾ?” ಎಂದು ಪಂಪಿಗೇ ಬೈದು, ಕೊನೆಗೆ ಪ್ಲಗ್ ಕಿತ್ತಳು. ರೋಗಿಯ ರಕ್ತನಾಳಕ್ಕೆ ಹನಿ ಹನಿಯಾಗಿ ಔಷಧಿ ಬಿಡುವ ಪಂಪುಗಳನ್ನು ಆಸ್ಪತ್ರೆಗಳಿಗೆ ತಯಾರಿಸಿಕೊಡುವ ಆ ಕಂಪನಿಯಲ್ಲಿ ಅವಳು ಹನ್ನೊಂದು ವರ್ಷದಿಂದ ಕೋಡ್ ಬರೆಯುತ್ತಿದ್ದಳು. ಎಲ್ಲದರಲ್ಲೂ ಹುಳುಕು ಹುಡುಕುತ್ತಾಳೆಂದು ಬೆನ್ನ ಹಿಂದೆ ಎಲ್ಲರೂ ‘ಅತ್ತೆಮ್ಮ’ ಎನ್ನುತ್ತಿದ್ದರು. ಅವಳಿಗದು ಗೊತ್ತಿತ್ತು. ಅನ್ನಲಿ, ಹುಳುಕಿಲ್ಲದ ಕೋಡನ್ನು ಇವರು ಒಂದು ದಿನವಾದರೂ ಬರೆದಿದ್ದರೆ ತಾನೇ!

ಕಾರಣ ಹತ್ತು ನಿಮಿಷದಲ್ಲಿ ಸಿಕ್ಕಿತು. ಕಂಪನಿಯ ಯಾವ ಮಾದರಿಯ ಪಂಪೇ ಆಗಲಿ, ಹನ್ನೆರಡು ಆಜ್ಞೆಗಳಿಗೆ ಉತ್ತರ ಕೊಡಬೇಕು: ಶುರು ಮಾಡು, ನಿಲ್ಲಿಸು, ಕೊಳವೆಯಲ್ಲಿ ಗಾಳಿಗುಳ್ಳೆ ಇದೆಯೇ ನೋಡು (ರಕ್ತಕ್ಕೆ ಸೇರಿದರೆ ಅದು ಜೀವಕ್ಕೇ ಅಪಾಯ), ಹೀಗೆ. ಪ್ರತಿ ಮಾದರಿಗೂ ಇವುಗಳ ಕೋಡನ್ನು ಬೇರೆ ಬೇರೆಯಾಗಿ ಬರೆಯಬೇಕು. ಆದರೆ ‘ಶುರು ಮಾಡು’ ಒಂದನ್ನು ಬಿಟ್ಟು ಉಳಿದದ್ದೆಲ್ಲ ಐಚ್ಛಿಕ, ಬರೆಯದೆ ಬಿಟ್ಟರೂ ನಡೆಯುತ್ತದೆ. ಹಾಗೆ ಬಿಟ್ಟ ಜಾಗವನ್ನು, ಪ್ರೋಗ್ರಾಂ ಕಂಪೈಲ್ ಆಗುವಾಗಲೇ, ಅಂದರೆ ಬರೆದದ್ದು ಯಂತ್ರದ ಭಾಷೆಗೆ ಬದಲಾಗುವಾಗಲೇ, ಮ್ಯಾಕ್ರೊ ಎಂಬ ಪುಟ್ಟ ಕೋಡ್ ತಾನೇ ತುಂಬಿಬಿಡುತ್ತದೆ. ಏನನ್ನು ತುಂಬುತ್ತದೆ? ಕೆಲಸವೇನೂ ಮಾಡದೆ ‘ಸರಿ’ ಎಂದಷ್ಟೇ ಹೇಳುವ ಖಾಲಿ ಕೋಡನ್ನು. ಹೊಸ ಮಾದರಿಗೆ ‘ನಿಲ್ಲಿಸು’ ಬರೆಯಲು ಮರೆತ ಪುಣ್ಯಾತ್ಮ ರಜೆಯ ಮೇಲಿದ್ದ. ಮ್ಯಾಕ್ರೊ ಅವನ ಪರವಾಗಿ ‘ಸರಿ’ ಎಂದಿತ್ತು.

ಆ ಮ್ಯಾಕ್ರೊ ಬರೆದವರು ಮ್ಯಾನೇಜರು, ಅವರಿನ್ನೂ ಕೋಡ್ ಬರೆಯುತ್ತಿದ್ದ ಕಾಲದಲ್ಲಿ. ಅವಳು ಹೇಳಿದ್ದನ್ನೆಲ್ಲ ಅವರು ಬಾಗಿಲಲ್ಲೇ ನಿಂತು ಕೇಳಿದರು.

“ನಾಲ್ಕೇ ಸಾಲು ಅದು, ನಾಲ್ಕೇ ನಾಲ್ಕು. ಎಂಟು ವರ್ಷದಿಂದ ಒಂದು ದೂರು ಬಂದಿದೆಯಾ ಹೇಳಮ್ಮ.”

“ಏನು ಕೇಳಿದ್ರೂ ಕೋಲೆಬಸವನ ಥರ ತಲೆ ಆಡಿಸ್ತಿದ್ರೆ ದೂರು ಎಲ್ಲಿಂದ ಬರುತ್ತೆ ಸಾರ್?”

“ಮೂರು ಗಂಟೆಗೆ ಆಸ್ಪತ್ರೆಯವರು ಪಂಪ್ ನೋಡೋಕೆ ಬರ್ತಾರೆ. ಆ ‘ನಿಲ್ಲಿಸು’ ಒಂದನ್ನ ಬರೆದು ಸೇರಿಸಿಬಿಡು. ಮ್ಯಾಕ್ರೊ ಗೊಡವೆ ಆಮೇಲೆ.”

“ಅದನ್ನ ಬರೀತೀನಿ, ಬಿಡಿ. ಕಣ್ಣಿಗೆ ಬಿದ್ದಿದ್ದು ಇದೊಂದು. ಬೀಳದೆ ಇರೋದು ಇನ್ನೆಷ್ಟಿದೆ ಅಂತ ನೋಡಬೇಡ್ವಾ?”

“ಶುರುವಾಯ್ತಪ್ಪ ಇವಳದ್ದು!” ಎಂದು ಅವರು ಹಣೆ ಚಚ್ಚಿಕೊಂಡು ಹೋದರು.

ಅವಳಿಗೆ ಮೈಯೆಲ್ಲ ಉರಿಯಿತು. ಎಂಟು ವರ್ಷದಿಂದ ಇದೇ ಹಾಡು, ಆಮೇಲೆ, ಆಮೇಲೆ! ಊಟವನ್ನೂ ಬಿಟ್ಟು ಮೊದಲು ‘ನಿಲ್ಲಿಸು’ ಬರೆದಳು. ಪಂಪ್ ನಿಂತಿತು. ಆಮೇಲೆ ಮ್ಯಾಕ್ರೊವನ್ನೇ ತಿದ್ದಿದಳು. ಇನ್ನು ಮೇಲೆ ಅದು ಯಾರ ಪರವಾಗಿಯೂ ‘ಸರಿ’ ಎನ್ನುವುದಿಲ್ಲ. ಆಜ್ಞೆಗೆ ಕೋಡ್ ಬರೆದಿರಬೇಕು, ಇಲ್ಲವೇ ‘ಈ ಮಾದರಿಗೆ ಇದು ಬರುವುದಿಲ್ಲ’ ಎಂದು ಬರೆದು, ಬರೆದವರು ಕೆಳಗೆ ತಮ್ಮ ಹೆಸರು ಹಾಕಿರಬೇಕು. ಎರಡೂ ಇಲ್ಲದಿದ್ದರೆ ಕಂಪೈಲ್ ಅಲ್ಲೇ ನಿಲ್ಲುತ್ತದೆ, ಯಾವ ಮಾದರಿ, ಯಾವ ಆಜ್ಞೆ ಎಂದು ಹೇಳಿ ನಿಲ್ಲುತ್ತದೆ. ಹೊಸದು ಹಳೆಯದು ಎನ್ನದೆ ಎಲ್ಲ ಮಾದರಿಗಳನ್ನೂ ಒಟ್ಟಿಗೆ ಕಂಪೈಲ್ ಮಾಡಲು ಹಾಕಿದಳು.

ಅಷ್ಟರಲ್ಲಿ ಮ್ಯಾನೇಜರು ಹಿರಿಯ ನರ್ಸ್ ಒಬ್ಬರನ್ನು ಕರೆದುಕೊಂಡು ಒಳಗೆ ಬಂದರು. ಮಕ್ಕಳ ವಾರ್ಡ್ ನೋಡಿಕೊಳ್ಳುವ ಹೆಂಗಸು, ಹೇಳಿದ್ದಕ್ಕಿಂತ ಅರ್ಧ ಗಂಟೆ ಮೊದಲೇ ಬಂದಿದ್ದರು. ಹೊಸ ಪಂಪನ್ನು ಎರಡು ಸಲ ಶುರು ಮಾಡಿ, ಎರಡು ಸಲ ನಿಲ್ಲಿಸಿ, “ಚೆನ್ನಾಗಿದೆ” ಎಂದರು. ಮ್ಯಾನೇಜರ ಮುಖ ಅರಳಿತು.

ಆಗಲೇ ಪಕ್ಕದ ಪರದೆ ಕೆಂಪಾಯಿತು. ಒಂದಲ್ಲ, ಎರಡಲ್ಲ, ಹತ್ತೊಂಬತ್ತು ಸಾಲು. ಮ್ಯಾನೇಜರು ನಗುನಗುತ್ತಲೇ ಪರದೆಗೆ ಅಡ್ಡ ಬಂದು ನಿಂತರು.

“ಅದೇನಿಲ್ಲ ಸಿಸ್ಟರ್, ನಮ್ಮ ಒಳಗಿನ ಲೆಕ್ಕಾಚಾರ. ಇವಳಿಗೆ ಮೊಸರಲ್ಲಿ ಕಲ್ಲು ಹುಡುಕೋ ಚಾಳಿ.”

“ನಮ್ಮ ಪಂಪಿನದ್ದೂ ಏನೋ ಇದ್ದ ಹಾಗಿದೆ,” ಎಂದು ನರ್ಸ್ ಕನ್ನಡಕ ಏರಿಸಿಕೊಂಡು, ಅವರ ಭುಜದ ಮೇಲಿಂದ ಇಣುಕಿ ನಿಧಾನವಾಗಿ ಓದಿದರು. “ಮಾದರಿ ಆರು: ಗಾಳಿಗುಳ್ಳೆ ನೋಡು, ಬರೆದಿಲ್ಲ. ಮಾದರಿ ಆರು ಅಂದ್ರೆ ಬಿಳೀದು, ಪಕ್ಕದಲ್ಲಿ ಹಿಡಿಕೆ ಇರೋದು, ಅಲ್ವಾ? ಬರೆದಿಲ್ಲ ಅಂದ್ರೇನು?”

ಮ್ಯಾನೇಜರು ಬಾಯಿ ತೆರೆದರು. ಅವಳೇ ಮೊದಲು ಹೇಳಿದಳು. ಅಷ್ಟು ಹೊತ್ತು ಕುದಿಯುತ್ತಿದ್ದ ಸಿಟ್ಟು ಎಲ್ಲಿ ಹೋಯಿತೋ.

“ಕೊಳವೆಯಲ್ಲಿ ಗಾಳಿ ಇದೆಯಾ ಅಂತ ಆ ಪಂಪ್ ನೋಡೋದೇ ಇಲ್ಲ ಸಿಸ್ಟರ್. ಸುಮ್ನೆ ಎಲ್ಲಾ ಸರಿ ಇದೆ ಅನ್ನುತ್ತೆ.”

ನರ್ಸ್ ಹತ್ತಿರದ ಕುರ್ಚಿ ಎಳೆದುಕೊಂಡು ಕೂತರು. ಕೈಚೀಲದಿಂದ ಫೋನ್ ತೆಗೆದು ವಾರ್ಡಿನ ನಂಬರ್ ಒತ್ತಿ, ಕಿವಿಗೆ ಇಟ್ಟುಕೊಂಡರು. ಆ ಕಡೆ ರಿಂಗ್ ಆಗುತ್ತಿರುವುದು ಮೂವರಿಗೂ ಕೇಳಿಸುತ್ತಿತ್ತು.

“ಬೇರೆ ಕಂಪನಿ ಪಂಪುಗಳು ಗುಳ್ಳೆ ಗುಳ್ಳೆ ಅಂತ ದಿನಕ್ಕೆ ಹತ್ತು ಸಲ ಕಿರುಚ್ಕೊಳ್ತವೆ,” ಎಂದರು ಅವರು, ಯಾರ ಮುಖವನ್ನೂ ನೋಡದೆ. “ನಿಮ್ಮದು ಎರಡು ವರ್ಷದಲ್ಲಿ ಒಂದು ಸಲನೂ ಕಿರುಚಿಲ್ಲ. ಅದಕ್ಕೇ ನಾವು ತೀರಾ ಚಿಕ್ಕ ಮಕ್ಕಳಿಗೆಲ್ಲ ಅದನ್ನೇ ಹಾಕೋದು.”