ಜೈಲಿನಲ್ಲೇ ಉಳಿದ ಕಂಬಳಿ

ಹೊಸ ಕಂಬಳಿಗೆ ಹಾಕಿದ ಹುಣಸೆ ಬೀಜದ ಗಂಜಿಯ ವಾಸನೆ ಬಂದರೆ, ಇವತ್ತಿಗೂ ನನಗೆ ಒಬ್ಬ ವಾಚ್‌ಮನ್ ಮೇಲೆ ಸಿಟ್ಟು ಬರುತ್ತದೆ.

ಕಾಡಿನಲ್ಲಿ ಕುರಿ ಮೇಯಿಸಿದ ತಪ್ಪಿಗೆ ನಮ್ಮ ತಾತ ಮಧುಗಿರಿ ಕಡೆಯ ಒಂದು ಸಣ್ಣ ಜೈಲಿನಲ್ಲಿದ್ದು ಬಂದಿದ್ದ. ಬಿಟ್ಟರೆ ಸಾಕೆಂದು ಓಡಿಬಂದವನು ಕಂಬಳಿಯನ್ನು ಅಲ್ಲೇ ಮರೆತಿದ್ದ. ಅದು ಅಜ್ಜಿ ಕೈಯಾರೆ ನೂತ ನೂಲಿನದು. ಜೈಲು ಮುಚ್ಚಿ ವರ್ಷಗಳಾದ ಮೇಲೆ ಕಟ್ಟಡ ಕೆಡವುತ್ತಾರೆ ಎಂಬ ಸುದ್ದಿ ಬಂದಾಗ, ಅಜ್ಜಿ ನನ್ನನ್ನು ಎಳೆದುಕೊಂಡು ಹೊರಟಳು.

ಒಳಗೆ ಸೊಟ್ಟಗಾದ ಅಲ್ಯೂಮಿನಿಯಂ ತಟ್ಟೆಗಳು, ಬಾಯಿ ಒಡೆದ ಮಡಕೆ, ಬಾವಲಿ ಹಿಕ್ಕೆಯ ನಾತ. ಮೂಲೆಯ ಕಂಬಳಿ ರಾಶಿಯಲ್ಲಿ ಕೈಯಾಡಿಸಿದ ಅಜ್ಜಿ ಒಂದರ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದಳು.

"ಇದು ನನ್ ನೂಲು ಕಣಪ್ಪ."

"ಸರ್ಕಾರದ್ ಮಾಲು ಕಣಮ್ಮ. ಆರ್ಡರ್ ಇಲ್ದೆ ಕೊಡಾಕಾಗಲ್ಲ," ಅಂದ ಬಾಗಿಲಲ್ಲಿದ್ದ ಡೊಳ್ಳುಹೊಟ್ಟೆಯ ವಾಚ್‌ಮನ್.

"ಸರ್ಕಾರ ಯಾವತ್ ಕುರಿ ಕಾಯ್ತು?"

ಅವನು ಕಂಬಳಿ ಕಿತ್ತುಕೊಂಡು ರಾಶಿಗೆ ಎಸೆದ. ಅಜ್ಜಿ ದಾರಿಯುದ್ದಕ್ಕೂ ನನ್ನನ್ನೇ ಬೈದಳು; ಹತ್ತಿರ ಇದ್ದವನು ನಾನೊಬ್ಬನೇ.

ಮನೆಯಲ್ಲಿ ನಾನು ಇಲ್ಲದ ಹೊಟ್ಟೆ ಮುಂದೆ ಮಾಡಿ, "ಸರ್ಕಾರದ್ ಮಾಲು ಕಣಮ್ಮ" ಅಂತ ವಾಚ್‌ಮನ್ನನಾದೆ. ಚಡ್ಡಿ ಜಾರಿತು. ಎಲ್ಲರೂ ನಕ್ಕರು. ನನ್ನ ಆಟಕ್ಕೆ ಎಲ್ಲರಿಗಿಂತ ಮೊದಲು ನಗುತ್ತಿದ್ದ ತಾತ ಮಾತ್ರ ನಗಲಿಲ್ಲ.

"ಯಾವ್ ಮೂಲೇಲಿತ್ಲಾ?"

"ಬಾಗ್ಲಿಂದ ಎಡಕ್ಕೆ, ತಾತ."

"ಆ ಮೂಲೆ ಸೋರ್ತದೆ ಕಣ್ಲಾ," ಅಂದ. "ಒಸಿ ಈಚೆಗೆ ಎಳ್ದಾಕಿ ಬರಬೇಕಿತ್ತು."