ಹಿಂದಿನ ಕೋಣೆಯ ಪೈಪು

"ಸೋಮವಾರ ಮಗಳು ಹೆರಿಗೆಗೆ ಬರ್ತಾಳೆ. ಅಷ್ಟರೊಳಗೆ ಧೂಳು ನಿಲ್ಲಬೇಕು, ಇಲ್ಲ ನಿಮ್ಮ ಮಿಷನ್ ನಿಲ್ಲಬೇಕು" ಎಂದಿದ್ದಳು ಹೆಂಡತಿ.

ನಿವೃತ್ತರಾದ ಮೇಲೆ ಶೇಷಪ್ಪನವರಿಗೆ ತಮ್ಮದೆಂದು ಉಳಿದಿದ್ದು ಆ ಹಿಂದಿನ ಕೋಣೆಯೊಂದೇ. ಅಲ್ಲಿ ಮರಗೆಲಸದ ಮಿಷನ್ ಇಟ್ಟುಕೊಂಡು, ಹುಟ್ಟಲಿರುವ ಮೊಮ್ಮಗುವಿಗೆ ತೊಟ್ಟಿಲು ಮಾಡುತ್ತಿದ್ದರು. ಮರದ ಹುಡಿ ಅಡುಗೆಮನೆಯ ಹಾಲಿನ ಪಾತ್ರೆಯವರೆಗೂ ಹಾರುತ್ತಿತ್ತು. ಧೂಳೆಳೆಯುವ ಫ್ಯಾನಿತ್ತು, ಎಳೆದ ಧೂಳನ್ನು ಹೊರಗೆ ಸಾಗಿಸಲು ಪೈಪಿರಲಿಲ್ಲ. ಹೊಸ ಪೈಪಿನ ಬೆಲೆ ಕೇಳಿದವರೇ ಗುಜರಿ ಅಂಗಡಿಗೆ ಹೋದರು.

"ಕಕ್ಕಸಿನ ಪೈಪಲ್ಲ ತಾನೆ?"

"ಮಳೆನೀರಿಂದು ಯಜಮಾನ್ರೇ. ಬೇಕಾದ್ರೆ ಮೂಸಿ ನೋಡಿ."

ಮೂಸಿ ನೋಡಿಯೇ ತಂದರು.

ಭಾನುವಾರ ಗೋಡೆ ಕೊರೆದು ಪೈಪು ಕೂಡಿಸಿ, ಗಂಟೆಗಟ್ಟಲೆ ಮಿಷನ್ ಓಡಿಸಿ, ಹೆಂಡತಿಯನ್ನು ಕರೆದರು. ಅವಳು ಕಿಟಕಿಯ ಅಂಚಿನ ಮೇಲೆ ಬೆರಳಾಡಿಸಿ, ಬೆರಳನ್ನು ಬೆಳಕಿಗೆ ಹಿಡಿದಳು. ಒಂದು ಚೂರೂ ಧೂಳಿರಲಿಲ್ಲ. ಶೇಷಪ್ಪನವರಿಗೆ ಹೋದ ಜೀವ ಬಂದಂತಾಯಿತು.

"ಇಡೀ ಮನೇಲಿ ಇಷ್ಟು ಚೊಕ್ಕಟವಾದ ಕೋಣೆ ಇನ್ನೊಂದಿಲ್ಲ ಕಣ್ರೀ" ಎಂದು ಮೆಚ್ಚಿಕೊಂಡಳು. "ಬಾಣಂತನ ಇಲ್ಲೇ ಆಗ್ಲಿ. ಮಿಷನ್ ಯಾರಿಗಾದ್ರೂ ಕೊಟ್ಬಿಡಿ, ತೊಟ್ಟಿಲು ಅಂಗಡೀಲಿ ಸಿಗುತ್ತೆ. ಆ ಪೈಪಿನ ಬಾಯಿಗೊಂದು ಬಟ್ಟೆ ತುರುಕಿ. ಬಾಣಂತಿಗೆ ಗಾಳಿ ತಾಕಬಾರದು."